ಹೆಸರಿಗೆ ಸೊಪ್ಪು, ಒಳಗೆ ಪುಡಿ



ನಮ್ಮ ಕಡೆ ದತ್ತಿ ಉಪನ್ಯಾಸ ಎಂದರೆ ವಚನ, ಜನಪದ, ಇಲ್ಲವೇ ಅಮೃತಾಪುರದಂಥ ದೇಗುಲಗಳ ಇತಿಹಾಸ ಎಂಬುದು ರೂಢಿ. ಈ ಸಲ ವೈದ್ಯಕೀಯದ ವಿಷಯ ಇರಲಿ, ಅದರಲ್ಲೂ ಹುಡುಗರ ಕೈಗೆ ಸಿಗುತ್ತಿರುವ ಹೊಸ ಅಮಲು ಪದಾರ್ಥಗಳು ದೇಹಕ್ಕೆ ಏನು ಮಾಡುತ್ತವೆ ಎಂಬುದನ್ನು ಹೇಳಿ ಎಂದು ದಾನಿಗಳು ಕೇಳಿದಾಗ ನಾನು ಕೂಡಲೇ ಒಪ್ಪಿಕೊಂಡೆ. ಔಷಧ ವಿಜ್ಞಾನವನ್ನು ಪಾಠ ಮಾಡುತ್ತಾ ವಯಸ್ಸಾದವನು ನಾನು. ಈ ವಿಷಯದಲ್ಲಿ ಪಾಠ ಬೇಕಾಗಿರುವುದು ತರಗತಿಯ ಹೊರಗಿರುವವರಿಗೆ ಎಂದು ಬಹಳ ದಿನದಿಂದ ನನಗೆ ಅನಿಸುತ್ತಿದೆ.

ಈ ಸೀಮೆಗೆ ಗಾಂಜಾ ಹೊಸದಲ್ಲ. ಭಂಗಿ ಸೊಪ್ಪು ಎಂದರೆ ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಬೈರಾಗಿಗಳ ಚಿಲುಮೆಯನ್ನು ಎಲ್ಲರೂ ನೋಡಿದ್ದರು. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಕ್ಷೇತ್ರದಲ್ಲಿ ಅದನ್ನು ಪ್ರಸಾದವಾಗಿ ಕೊಡುವ ರೂಢಿಯ ಬಗ್ಗೆ 2020ರಲ್ಲಿ ಪತ್ರಿಕೆಗಳು ಬರೆದವು. ಇದರ ಬಳಕೆಯನ್ನು ವಿಚಾರಿಸಲು ಬ್ರಿಟಿಷ್ ಸರ್ಕಾರ 1893ರಲ್ಲಿಯೇ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ಎಂಬ ಆಯೋಗವನ್ನು ನೇಮಿಸಿತ್ತು. ಮಿತವಾಗಿ ಬಳಸಿದರೆ ಹೇಳಿಕೊಳ್ಳುವಂಥ ಹಾನಿಯಿಲ್ಲ, ಅತಿಯಾದರೆ ಇದೆ ಎಂದು ಅದು ಮರುವರ್ಷ ವರದಿ ಕೊಟ್ಟಿತು. 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ಬಂದು ಗಾಂಜಾ ನಿಷೇಧವಾಯಿತು. ಆದರೂ ಆ ಕಾಯ್ದೆ ಗಾಂಜಾ ಎನ್ನುವುದು ಗಿಡದ ಹೂ ಮತ್ತು ಕಾಯಿಯ ತುದಿಗೆ ಮಾತ್ರ. ಬರಿಯ ಎಲೆ ಮತ್ತು ಬೀಜ ಆ ವ್ಯಾಖ್ಯೆಯ ಹೊರಗಿವೆ. ಏಮ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 3.1 ಕೋಟಿ ಜನ ಭಂಗಿ, ಗಾಂಜಾ ಅಥವಾ ಚರಸ್ ಬಳಸುತ್ತಾರೆ.

ಇಷ್ಟು ಹಳೆಯ ಪರಿಚಯ ಇರುವುದರಿಂದ ಊರಲ್ಲಿ ಇದರ ಬಗ್ಗೆ ಒಂದು ಸಲಿಗೆ ಬೆಳೆದಿದೆ. "ಸೊಪ್ಪು ಸೇದಿದಾನೆ, ಮಲಗಿ ಎದ್ದರೆ ಸರಿಹೋಗ್ತಾನೆ" ಎನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಗಿಡದ ಮಟ್ಟಿಗೆ ಆ ಮಾತು ಬಹುಪಾಲು ನಡೆಯುತ್ತಿತ್ತು. ಗಿಡವೂ ನಿರಪಾಯಕಾರಿಯಲ್ಲ, ಹದಿನೈದು ಹದಿನಾರರ ಹುಡುಗ ದಿನವೂ ಸೇದಿದರೆ ನೆನಪು ಮಸುಕಾಗುತ್ತದೆ, ಓದು ನಿಲ್ಲುತ್ತದೆ, ಮನೆತನದಲ್ಲಿ ಮಾನಸಿಕ ಕಾಯಿಲೆಯ ಎಳೆಯಿದ್ದರೆ ಅದು ಬೇಗ ಹೊರಬೀಳುತ್ತದೆ. ಆದರೆ ಗಿಡ ಸೇದಿ ಆ ರಾತ್ರಿಯೇ ಸತ್ತವರು ಬಹಳ ವಿರಳ. ಇವತ್ತು ನಾನು ಹೇಳಬೇಕಾಗಿರುವುದು ಒಂದೇ ವಿಷಯ: ಆ ಹಳೆಯ ಸಲಿಗೆಯನ್ನು ನಾವು ಈಗ ಗಿಡವೇ ಅಲ್ಲದ ಪದಾರ್ಥಗಳಿಗೂ ದಾಟಿಸಿಬಿಟ್ಟಿದ್ದೇವೆ. ಪೊಟ್ಟಣದ ಹೆಸರು ಹಳೆಯದು, ಒಳಗಿರುವ ಅಣು ಹೊಸದು. ದೇಹ ಹೆಸರನ್ನು ಓದುವುದಿಲ್ಲ.

ಗಿಡದಿಂದಲೇ ಶುರು ಮಾಡೋಣ. ಗಾಂಜಾದಲ್ಲಿ ಅಮಲು ತರಿಸುವ ಮುಖ್ಯ ಅಣು ಟಿಎಚ್‌ಸಿ. ಅದನ್ನು 1964ರಲ್ಲಿ ಇಸ್ರೇಲಿನಲ್ಲಿ ರಾಫೆಲ್ ಮೆಕೌಲಮ್ ಮತ್ತು ಯೆಹಿಯೆಲ್ ಗಾವೋನಿ ಶುದ್ಧ ರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ಗುರುತಿಸಿದರು. ಅದು ಮಿದುಳಿನಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂದು ತಿಳಿಯಲು ಇನ್ನೂ 24 ವರ್ಷ ಬೇಕಾಯಿತು. 1988ರಲ್ಲಿ ಅಮೆರಿಕದ ಆಲಿನ್ ಹೌಲೆಟ್ ಮತ್ತು ವಿಲಿಯಂ ಡೆವೇನ್ ನರಕೋಶದ ಮೇಲೆ ಅದಕ್ಕೆಂದೇ ಇರುವ ಗ್ರಾಹಕವನ್ನು ಕಂಡರು. ಅದನ್ನೀಗ ಸಿಬಿ-1 ಎನ್ನುತ್ತೇವೆ. ಗಿಡದ ಅಣುವಿಗಾಗಿ ಮಿದುಳು ಗ್ರಾಹಕ ಇಟ್ಟುಕೊಂಡಿರಲು ಸಾಧ್ಯವಿಲ್ಲವಲ್ಲ, ದೇಹವೇ ತಯಾರಿಸುವ ಅಣು ಯಾವುದೋ ಇರಬೇಕು ಎಂದು ಹುಡುಕಿದಾಗ 1992ರಲ್ಲಿ ಅದೂ ಸಿಕ್ಕಿತು. ಸಂಸ್ಕೃತದ ಆನಂದ ಶಬ್ದ ಸೇರಿಸಿ ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು.

ಈ ವ್ಯವಸ್ಥೆಯ ಕೆಲಸ ಹಿಡಿತ ಮಾಡುವುದು. ಒಂದು ನರಕೋಶ ಪಕ್ಕದ್ದಕ್ಕೆ ಅತಿಯಾಗಿ ಸಂದೇಶ ಕಳಿಸತೊಡಗಿದರೆ, ಸಂದೇಶ ಪಡೆದ ಕೋಶ ಒಂದಿಷ್ಟು ಆನಂದಮೈಡ್ ಅಥವಾ ಅದರ ಬಳಗದ ಅಣುವನ್ನು ಹಿಂದಕ್ಕೆ ಕಳಿಸಿ "ಸಾಕು" ಎನ್ನುತ್ತದೆ. ಆ ಅಣು ಅಲ್ಲೇ ತಯಾರಾಗಿ, ಕೆಲಸ ಮುಗಿದ ಕೂಡಲೇ ಅಲ್ಲೇ ಒಡೆದುಹೋಗುತ್ತದೆ. ನೆನಪನ್ನು ಕೂಡಿಡುವ ಭಾಗ, ನಡಿಗೆಯನ್ನು ಹದದಲ್ಲಿಡುವ ಕಿರುಮಿದುಳು, ಹಸಿವು, ಭಯ, ನೋವುಗಳನ್ನು ನೋಡಿಕೊಳ್ಳುವ ಭಾಗ, ಎಲ್ಲ ಕಡೆ ಸಿಬಿ-1 ದಟ್ಟವಾಗಿದೆ. ಉಸಿರಾಟವನ್ನು ನಡೆಸುವ ಮಿದುಳಿನ ಬುಡದಲ್ಲಿ ಮಾತ್ರ ಬಹಳ ಕಡಿಮೆ. ಗಾಂಜಾ ಸೇದಿದವರು ಅಫೀಮು ತಿಂದವರಂತೆ ಉಸಿರು ನಿಂತು ಸಾಯದಿರುವುದಕ್ಕೆ ಇದೇ ಕಾರಣ.

ಈಗ ಅಯ್ಯನಕೆರೆಯ ತೂಬನ್ನು ನೆನೆಯಿರಿ. ಟಿಎಚ್‌ಸಿ ಈ ಗ್ರಾಹಕವೆಂಬ ತೂಬನ್ನು ಅರ್ಧದಷ್ಟು ಮಾತ್ರ ಎತ್ತಬಲ್ಲದು. ಎಷ್ಟು ಸೇದಿದರೂ, ಎಷ್ಟು ಅಣುಗಳು ಬಂದು ಕೂತರೂ ತೂಬು ಅಷ್ಟಕ್ಕೇ ನಿಲ್ಲುತ್ತದೆ. ಪ್ರಯೋಗಾಲಯದಲ್ಲಿ ಹುಟ್ಟಿದ ಕೃತಕ ಅಣುಗಳು ಅದೇ ತೂಬಿಗೆ ಟಿಎಚ್‌ಸಿಗಿಂತ ಬಿಗಿಯಾಗಿ ಕೈಹಾಕಿ ಪೂರ್ತಿ ಎತ್ತಿಬಿಡುತ್ತವೆ. ಗದ್ದೆಗೆ ಹದವಾಗಿ ಹರಿಯಬೇಕಾದ ನೀರು ಬದುವನ್ನೇ ಕೊಚ್ಚಿಕೊಂಡು ಹೋಗುತ್ತದೆ. ಗಿಡಕ್ಕೂ ಪುಡಿಗೂ ಇರುವ ವ್ಯತ್ಯಾಸದ ತಿರುಳು ಇಷ್ಟೇ. ಮುಂದೆ ನಾನು ಹೇಳುವುದೆಲ್ಲ ಇದರಿಂದ ಹುಟ್ಟುವಂಥದ್ದು.

ಈ ಅಣುಗಳನ್ನು ಮೊದಲು ತಯಾರಿಸಿದವರು ಕೇಡು ಬಯಸಿದವರಲ್ಲ. ಅಮೆರಿಕದ ದಕ್ಷಿಣ ಕೆರೊಲಿನಾದ ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿ ಜಾನ್ ಡಬ್ಲ್ಯು. ಹಫ್‌ಮನ್ ಎಂಬ ರಸಾಯನ ವಿಜ್ಞಾನಿ ಈ ಗ್ರಾಹಕದ ಅಧ್ಯಯನಕ್ಕಾಗಿ ನೂರಾರು ಅಣುಗಳನ್ನು ಕಟ್ಟಿದರು. ಅವರ ಹೆಸರಿನ ಮೊದಲಕ್ಷರಗಳು ಸೇರಿ ಅವುಗಳಿಗೆ ಜೆಡಬ್ಲ್ಯುಎಚ್ ಎಂಬ ಸರಣಿ ಹೆಸರು ಬಂತು. ಫಲಿತಾಂಶಗಳು ವಿಜ್ಞಾನ ಪತ್ರಿಕೆಗಳಲ್ಲಿ ಎಲ್ಲರಿಗೂ ಓದಲು ಸಿಗುವಂತೆ ಪ್ರಕಟವಾದವು. ವ್ಯಾಪಾರಿಗಳೂ ಓದಿದರು. 2008ರ ಕೊನೆಯಲ್ಲಿ ಜರ್ಮನಿಯಲ್ಲಿ 'ಸ್ಪೈಸ್' ಎಂಬ ಹೆಸರಿನಲ್ಲಿ ಗಿಡಮೂಲಿಕೆಯ ಸುವಾಸನೆ ಪುಡಿ ಎಂದು ಮಾರುತ್ತಿದ್ದ ಪೊಟ್ಟಣವನ್ನು ಪರೀಕ್ಷಿಸಿದಾಗ ಅದರಲ್ಲಿ ಜೆಡಬ್ಲ್ಯುಎಚ್-018 ಇತ್ತು. ಮನುಷ್ಯರಿಗೆ ಕೊಡುವುದಿರಲಿ, ಔಷಧಿಯಾಗಿ ಪರೀಕ್ಷೆಗೂ ಒಳಗಾಗದಿದ್ದ ಅಣು ಅದು.

ಆ ಪೊಟ್ಟಣವನ್ನು ಹತ್ತಿರದಿಂದ ನೋಡಬೇಕು. ಮಿರುಗುವ ಹಾಳೆಯ ಪುಟ್ಟ ಚೀಲ, ಮೇಲೆ ಬಣ್ಣದ ಚಿತ್ರ, ಮೂಲೆಯಲ್ಲಿ "ಮನುಷ್ಯರ ಸೇವನೆಗಲ್ಲ" ಎಂಬ ಸಣ್ಣಕ್ಷರ. ಒಳಗೆ ಹಸಿರು ಕಂದು ಬಣ್ಣದ ಒಣ ಎಲೆ ಚೂರು. ಆ ಎಲೆಗೆ ಅಮಲಿಲ್ಲ. ಯಾವುದೋ ಗಿಡದ ತರಗು ಅದು. ಬಿಳಿ ಪುಡಿಯನ್ನು ದ್ರಾವಕದಲ್ಲಿ ಕರಗಿಸಿ ಅದರ ಮೇಲೆ ಸಿಂಪಡಿಸಿ ಒಣಗಿಸಿರುತ್ತಾರೆ. ಕೈಯಾರೆ ಮಾಡುವ ಕೆಲಸವಾದ್ದರಿಂದ ಸಿಂಪಡಣೆ ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ. ಒಂದೇ ಚೀಲದ ಮೇಲ್ಭಾಗದಿಂದ ಸೇದಿದವನಿಗೆ ಏನೂ ಆಗದಿರಬಹುದು. ತಳದ ಚಿಟಿಕೆ ಸೇದಿದವನು ಅಲ್ಲೇ ಕುಸಿಯಬಹುದು. ಆದ್ದರಿಂದ "ಹೋದ ಸಲ ಇದೇ ಸೇದಿದ್ದೆ, ಏನೂ ಆಗಲಿಲ್ಲ" ಎಂಬ ಅನುಭವಕ್ಕೆ ಇಲ್ಲಿ ಬೆಲೆಯೇ ಇಲ್ಲ. ಎಲೆಯ ವೇಷವೂ ಈಗ ಕಡ್ಡಾಯವಲ್ಲ. ಇಂಗ್ಲೆಂಡಿನ ಜೈಲುಗಳಿಗೆ ಇದು ಕಾಗದದ ಮೇಲೆ ಸಿಂಪಡಿಸಿಕೊಂಡು ಪತ್ರದ ರೂಪದಲ್ಲಿ ಬಂತು. ಅಲ್ಲಿಯ ಶಾಲೆಗಳಲ್ಲಿ ಮಕ್ಕಳಿಂದ ಕಿತ್ತುಕೊಂಡ ವೇಪ್‌ಗಳನ್ನು ಬಾತ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ, ಆರರಲ್ಲಿ ಒಂದರಷ್ಟು ವೇಪ್‌ಗಳಲ್ಲಿ ಇದೇ ಸ್ಪೈಸ್ ಇತ್ತೆಂದು 2024ರಲ್ಲಿ ಹೇಳಿದರು. ಗಾಂಜಾ ದ್ರವ ಎಂದುಕೊಂಡು ಅದನ್ನು ಕೊಂಡಿದ್ದ ಮಕ್ಕಳೂ ಇದ್ದರು. ನಮ್ಮಲ್ಲಿ ಇ-ಸಿಗರೇಟು 2019ರಿಂದ ನಿಷಿದ್ಧ. ಆದರೂ ಕಾಲೇಜಿನ ಸುತ್ತಮುತ್ತ ಅದು ಕಾಣದ ವಸ್ತುವೇನಲ್ಲ.

ವ್ಯಾಪಾರಿಗಳಿಗೆ ಇದು ಯಾಕೆ ಪ್ರಿಯ ಎನ್ನುವುದಕ್ಕೆ ಒಂದು ಲೆಕ್ಕ ಸಾಕು. 2016ರ ಜುಲೈ 12ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಬೀದಿಯಲ್ಲಿ 33 ಜನ ಒಟ್ಟೊಟ್ಟಿಗೆ ಅಮಲಿನಲ್ಲಿ ಮರಗಟ್ಟಿದಂತೆ ನಿಂತಲ್ಲೇ ನಿಂತರು, ಕೆಲವರು ನೆಲಕ್ಕೆ ಬಿದ್ದರು. ಕಣ್ಣು ತೆರೆದಿವೆ, ಕರೆದರೆ ಓಗೊಡುವುದಿಲ್ಲ, ಕೈಕಾಲು ನಿಧಾನವಾಗಿ ಯಂತ್ರದಂತೆ ಆಡುತ್ತಿವೆ, ನರಳುತ್ತಿದ್ದಾರೆ. ಪೊಟ್ಟಣದಲ್ಲಿದ್ದದ್ದು ಎಎಂಬಿ-ಫುಬಿನಾಕಾ ಎಂಬ ಅಣು, ಟಿಎಚ್‌ಸಿಗಿಂತ ಸುಮಾರು 85 ಪಟ್ಟು ಪ್ರಬಲ. ಒಂದು ಗ್ರಾಂ ಎಲೆಯಲ್ಲಿ ಇದ್ದ ಪುಡಿ ಸುಮಾರು 16 ಮಿಲಿಗ್ರಾಂ. ಅಂದರೆ ಒಂದೇ ಕಿಲೋ ಪುಡಿಯಿಂದ ಅರವತ್ತು ಕಿಲೋಗೂ ಹೆಚ್ಚು 'ಸೊಪ್ಪು' ಹುಟ್ಟುತ್ತದೆ. ಹೊಲ ಬೇಡ, ನೀರು ಬೇಡ, ಮುಸುಕಿನ ಜೋಳದ ಸಾಲಿನ ಮಧ್ಯೆ ಬಚ್ಚಿಟ್ಟು ಬೆಳೆಯುವ ಭಯ ಬೇಡ, ವಾಸನೆಯ ಕಾಟವೂ ಇಲ್ಲ.

ಇನ್ನು ದೇಹದೊಳಕ್ಕೆ ಬರೋಣ. ಮೊದಲು ಹೃದಯ. ಸೇದಿದ ಕೆಲವೇ ನಿಮಿಷಗಳಲ್ಲಿ ಬಡಿತ ನೂರನ್ನು ದಾಟಿ ಓಡತೊಡಗುತ್ತದೆ, ರಕ್ತದೊತ್ತಡ ಏರುತ್ತದೆ, ಎದೆ ಹಿಂಡುತ್ತದೆ. ಹೃದಯಾಘಾತ ಐವತ್ತರ ಮೇಲಿನವರದು ಎಂದು ನಾವು ತಿಳಿದಿದ್ದೇವೆ. ಅಮೆರಿಕದ ಟೆಕ್ಸಸ್‌ನಲ್ಲಿ ಕೃತಕ ಗಾಂಜಾ ಸೇದಿದ ಮೂವರು ಹದಿನಾರರ ಹುಡುಗರಿಗೆ ಹೃದಯಾಘಾತವಾದದ್ದನ್ನು ವೈದ್ಯರು 2011ರಲ್ಲಿ ದಾಖಲಿಸಿದರು. ಹದಿನಾರು ವರ್ಷ! ಅವರ ರಕ್ತನಾಳದಲ್ಲಿ ಕೊಬ್ಬು ಕಟ್ಟಿರುವ ವಯಸ್ಸೇ ಅಲ್ಲ ಅದು.

ಮಿದುಳಿನಲ್ಲಿ ನಡೆಯುವುದು ಇನ್ನೂ ವಿಚಿತ್ರ. ಗಿಡದ ಗಾಂಜಾ ಸಾಮಾನ್ಯವಾಗಿ ಫಿಟ್ಸ್ ತರಿಸುವುದಿಲ್ಲ. ಅದೇ ಗಿಡದಲ್ಲಿರುವ ಕ್ಯಾನಬಿಡಯಾಲ್ ಎಂಬ ಇನ್ನೊಂದು ಅಣುವನ್ನು ಕೆಲವು ಬಗೆಯ ಮೂರ್ಛೆರೋಗಕ್ಕೆ ಔಷಧಿಯಾಗಿ ಬಳಸುತ್ತಾರೆ. ಕೃತಕ ಪುಡಿಯಲ್ಲಿ ಆ ಸಮತೋಲನದ ಅಣುಗಳು ಯಾವುವೂ ಇಲ್ಲ. ಹಿಡಿತ ಮಾಡುವ ವ್ಯವಸ್ಥೆಯನ್ನು ಎಲ್ಲ ಕಡೆ ಒಮ್ಮೆಲೇ ಒತ್ತಿಹಿಡಿದಾಗ, ಶಾಂತಗೊಳಿಸುವ ನರಕೋಶಗಳ ಬಾಯಿಯೂ ಕಟ್ಟಿಹೋಗಿ ಮಿದುಳಿನಲ್ಲಿ ಅಂಕೆಯಿಲ್ಲದ ಕಿಡಿ ಏಳುತ್ತದೆ. ಫಿಟ್ಸ್ ಬರುವುದು ಹೀಗೆ. ಜೊತೆಗೆ ಯಾರೋ ಕೊಲ್ಲಲು ಬರುತ್ತಿದ್ದಾರೆ ಎಂಬ ಭಯ, ಇಲ್ಲದ್ದು ಕಾಣುವುದು, ತನ್ನವರನ್ನೇ ಹೊಡೆಯುವುದು. ಹೆಚ್ಚಿನವರಲ್ಲಿ ಇದು ಒಂದೆರಡು ದಿನದಲ್ಲಿ ಇಳಿಯುತ್ತದೆ. ಕೆಲವರಲ್ಲಿ ವಾರಗಟ್ಟಲೆ ಉಳಿಯುತ್ತದೆ. ಊರಿನಲ್ಲಿ ಇದನ್ನು ಗಾಳಿ ಸೋಂಕು ಎಂದುಕೊಂಡು ಯಂತ್ರ ಕಟ್ಟಿಸಲು ಓಡಾಡುವಷ್ಟರಲ್ಲಿ ಅಮೂಲ್ಯವಾದ ಮೊದಲ ಗಂಟೆಗಳು ಕಳೆದುಹೋಗುತ್ತವೆ ಎಂಬುದು ನನ್ನ ದೊಡ್ಡ ಆತಂಕ.

ಮೂತ್ರಪಿಂಡದ ವಿಷಯವನ್ನು ಜನ ಊಹಿಸಿಯೂ ಇರುವುದಿಲ್ಲ. 2012ರಲ್ಲಿ ಅಮೆರಿಕದ ಆರು ರಾಜ್ಯಗಳಲ್ಲಿ ಹದಿನಾರು ಜನ ವಾಂತಿ ಮತ್ತು ಸೊಂಟದ ಮೇಲಿನ ನೋವಿನಿಂದ ಆಸ್ಪತ್ರೆ ಸೇರಿದರು. ಎಲ್ಲರೂ ಕೃತಕ ಗಾಂಜಾ ಸೇದಿದ್ದರು, ಎಲ್ಲರ ಕಿಡ್ನಿಯೂ ಹಠಾತ್ತನೆ ಕೈಕೊಟ್ಟಿತ್ತು, ಕೆಲವರಿಗೆ ಡಯಾಲಿಸಿಸ್ ಬೇಕಾಯಿತು. ಹಲವರ ಮಾದರಿಗಳಲ್ಲಿ ಎಕ್ಸ್‌ಎಲ್‌ಆರ್-11 ಎಂಬ ಅಣುವಿನ ಗುರುತು ಸಿಕ್ಕಿತು. ಸೇದಿದ್ದು ಬಾಯಿಂದ, ಕೆಟ್ಟದ್ದು ಕಿಡ್ನಿ. ರೋಗಿ ತಾನಾಗಿ ಹೇಳದಿದ್ದರೆ ಯಾವ ವೈದ್ಯರಿಗೂ ಈ ಎರಡನ್ನು ಜೋಡಿಸುವುದು ಸುಲಭವಲ್ಲ.

ಅದಕ್ಕಿಂತ ಘೋರವಾದದ್ದು 2018ರ ಮಾರ್ಚ್, ಏಪ್ರಿಲ್‌ನಲ್ಲಿ ಇಲಿನಾಯ್ ರಾಜ್ಯದಲ್ಲಿ ನಡೆಯಿತು. ಮೂಗು, ಒಸಡು, ಮೂತ್ರದಲ್ಲಿ ರಕ್ತ ಬರುತ್ತಿದ್ದ 150ಕ್ಕೂ ಹೆಚ್ಚು ಜನ ಒಬ್ಬರ ಹಿಂದೆ ಒಬ್ಬರು ಆಸ್ಪತ್ರೆಗೆ ಬಂದರು. ನಾಲ್ವರು ಸತ್ತರು. ಅವರು ಸೇದಿದ್ದ ಕೃತಕ ಗಾಂಜಾದಲ್ಲಿ ಬ್ರೊಡಿಫಕೌಮ್ ಎಂಬ ಇಲಿ ಪಾಷಾಣ ಬೆರೆತಿತ್ತು. ನಮ್ಮ ತೆಂಗಿನ ತೋಟಗಳಲ್ಲಿ ಇಲಿಗೆ ಇಡುವ ಬ್ರೊಮಾಡಿಯೊಲೋನ್ ಬಿಲ್ಲೆಯ ಬಳಗದ್ದೇ ಅದು. ರಕ್ತ ಹೆಪ್ಪುಗಟ್ಟುವುದನ್ನು ವಾರಗಟ್ಟಲೆ ತಡೆಯುತ್ತದೆ. ಬದುಕಿದವರು ತಿಂಗಳುಗಟ್ಟಲೆ ವಿಟಮಿನ್ ಕೆ ಮಾತ್ರೆ ನುಂಗಬೇಕಾಯಿತು.

ಈಗ ಒಂದು ರಾತ್ರಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಇಲ್ಲಿಯದೇ ಯಾವುದಾದರೂ ತಾಲ್ಲೂಕು ಆಸ್ಪತ್ರೆ. ಬೆಂಗಳೂರಿನ ಪಿ.ಜಿ.ಯಲ್ಲಿದ್ದು ಓದುವ ಹುಡುಗ ಹಬ್ಬಕ್ಕೆ ಊರಿಗೆ ಬಂದಿದ್ದಾನೆ. ಹನ್ನೊಂದು ಗಂಟೆಗೆ ಭಾವ ಮತ್ತು ಇಬ್ಬರು ಗೆಳೆಯರು ಆಟೊದಲ್ಲಿ ಹಾಕಿಕೊಂಡು ಬರುತ್ತಾರೆ. ಮೈ ಕೆಂಡ, ದವಡೆ ಬಿಗಿದಿದೆ, ವಾಂತಿಯಾಗಿದೆ. "ಏನು ತಗೊಂಡಿದ್ದಾನಪ್ಪಾ?" ಎಂದು ಡಾಕ್ಟರು ಕೇಳುತ್ತಾರೆ. ಗೆಳೆಯರು ಭಾವನ ಮುಖ ನೋಡುತ್ತಾರೆ. ಕೊನೆಗೆ ಒಬ್ಬ, "ಸೊಪ್ಪು ಅಷ್ಟೇ ಸಾರ್, ಬೇರೇನೂ ಇಲ್ಲ" ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಅವನಿಗೆ ಕೊಟ್ಟವನೂ ಸೊಪ್ಪು ಎಂದೇ ಕೊಟ್ಟಿದ್ದಾನೆ. ಮೂತ್ರದ ಪಟ್ಟಿ ಪರೀಕ್ಷೆ ಮಾಡಿದರೆ ಗಾಂಜಾ ಇಲ್ಲ ಎಂದು ಬರುತ್ತದೆ. ಆ ಪಟ್ಟಿ ಹುಡುಕುವುದು ಟಿಎಚ್‌ಸಿ ಒಡೆದಾಗ ಉಳಿಯುವ ಅಂಶವನ್ನು. ಕೃತಕ ಅಣುಗಳ ರಚನೆಯೇ ಬೇರೆಯಾದ್ದರಿಂದ ಅವು ಅದಕ್ಕೆ ಕಾಣುವುದಿಲ್ಲ. ಭಾವನಿಗೆ ನೆಮ್ಮದಿ: "ನೋಡಿ ಡಾಕ್ಟ್ರೇ, ನಮ್ಮ ಹುಡುಗ ಅಂಥವನಲ್ಲ." ಇಲ್ಲಿಂದ ಮುಂದೆ ದಾರಿ ತಪ್ಪುವುದು ಬಹಳ ಸುಲಭ.

ಈ ಸಭೆಯಲ್ಲಿ ವೈದ್ಯರೂ ದಾದಿಯರೂ ಇದ್ದೀರಿ, ನಿಮಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ, ಮನೆಯವರೂ ಕೇಳಲಿ. ಕೃತಕ ಗಾಂಜಾಕ್ಕೆ ಪ್ರತ್ಯೌಷಧ ಇಲ್ಲ. ಅಫೀಮಿನ ಬಳಗಕ್ಕೆ ನಲಾಕ್ಸೋನ್ ಇರುವಂತೆ ಇದಕ್ಕೆ ಇಲ್ಲ. ಉದ್ವೇಗ ಮತ್ತು ಫಿಟ್ಸ್‌ಗೆ ಲೊರಾಜೆಪಾಮ್ ಅಥವಾ ಡಯಾಜೆಪಾಮ್, ಮೈ ಸುಡುತ್ತಿದ್ದರೆ ಕೂಡಲೇ ತಂಪು, ನರದ ಮೂಲಕ ಸಲೈನ್, ಇಸಿಜಿ, ರಕ್ತದಲ್ಲಿ ಕ್ರಿಯಾಟಿನಿನ್ ಮತ್ತು ಸಿಪಿಕೆ. ದಾರಿಯುದ್ದಕ್ಕೂ ಹುಡುಗನನ್ನು ಹಗ್ಗದಿಂದ ಕಟ್ಟಿ ತರುವವರಿದ್ದಾರೆ. ಕಟ್ಟಿದವನು ಒದ್ದಾಡಿದಷ್ಟೂ ಮೈಶಾಖ ಏರುತ್ತದೆ, ಸ್ನಾಯು ಕರಗಿ ಕಿಡ್ನಿಗೆ ಅಡರುತ್ತದೆ. ಮಗ್ಗುಲಾಗಿ ಮಲಗಿಸಿ, ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆ ಹಾಕಿ, 108ಕ್ಕೆ ಫೋನ್ ಮಾಡಿ. ಮೊಸರು, ಹುಣಸೆ ನೀರು, ನಿಂಬೆರಸ ಏನನ್ನೂ ಬಾಯಿಗೆ ಹುಯ್ಯಬೇಡಿ. ಪ್ರಜ್ಞೆ ತಪ್ಪಿದವನಿಗೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಉಳಿದಿರುವ ಪೊಟ್ಟಣ, ಬೀಡಿ ತುಂಡು, ವೇಪ್ ಏನೇ ಸಿಕ್ಕಿದರೂ ಎಸೆಯದೆ ಜೊತೆಗೆ ತನ್ನಿ. ಯಾವ ಪುಡಿ ಎಂದು ಗೊತ್ತಾಗಲು ಅದೊಂದೇ ದಾರಿ ಇರಬಹುದು.

ನಮ್ಮ ನಾಡಿಗೆ ಈ ಕಪಟ ತೀರಾ ಹೊಸದಲ್ಲ. ರಾಯಚೂರು ಸೀಮೆಯ ಕಲಬೆರಕೆ ಸೇಂದಿಯ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಈಚಲ ಮರದಿಂದ ಇಳಿಸಿದ ಹೆಂಡ ಎಂದು ಜನ ಕುಡಿಯುತ್ತಿದ್ದದ್ದು ಎಷ್ಟೋ ಕಡೆ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್ ಬೆರೆಸಿದ ನೀರು. ಹತ್ತೊಂಬತ್ತನೆಯ ಶತಮಾನದಲ್ಲಿ ನಿದ್ದೆಯ ಔಷಧಿಯಾಗಿದ್ದ ರಾಸಾಯನಿಕ ಅದು. ಕೂಲಿ ಮುಗಿಸಿ ಬಂದವರು ಮರದ ಸೇಂದಿ ಎಂದು ನಂಬಿ ದಿನವೂ ಕುಡಿದರು. ಸರಬರಾಜು ನಿಂತಾಗ ಕೈನಡುಕ, ನಿದ್ದೆಗೇಡು, ಭ್ರಮೆ, ಫಿಟ್ಸ್ ಕಾಣಿಸಿಕೊಂಡವು.  ಮರದ ಹೆಸರಿನಲ್ಲಿ ಪುಡಿ ಮಾರಿದ ಆ ವ್ಯಾಪಾರವೇ ಈಗ ಗಿಡದ ಹೆಸರಿನಲ್ಲಿ ನಡೆಯುತ್ತಿದೆ ಎಂದರೆ ತಪ್ಪಾಗಲಾರದು.

ಗಿಡವೊಂದೇ ಅಲ್ಲ. ಹುಡುಗರ ಬಾಯಲ್ಲಿ 'ಎಂ.ಡಿ.' ಎಂಬ ಹೆಸರು ಓಡಾಡುತ್ತದೆ. ಮುಂಬೈ ಕಡೆ ಹಾಗೆಂದರೆ ಮೆಫೆಡ್ರೋನ್. ಬೆಂಗಳೂರಿನಲ್ಲಿ ಎಷ್ಟೋ ಸಲ ಎಂಡಿಎಂಎ. ಎರಡೂ ಬಿಳಿಯ ಹರಳು, ಎರಡೂ ಬೇರೆ. ಎಂಡಿಎಂಎ ಮಿದುಳಿನ ಸೆರೊಟೋನಿನ್ ದಾಸ್ತಾನನ್ನು ಒಂದೇ ರಾತ್ರಿಯಲ್ಲಿ ಬರಿದು ಮಾಡುತ್ತದೆ. ಎಲ್ಲರೂ ನಮ್ಮವರೇ ಎಂಬ ಪ್ರೀತಿ ಉಕ್ಕುವುದು ಅದರಿಂದ, ಎರಡು ಮೂರು ದಿನ ಬಿಟ್ಟು ಬದುಕೇ ಬೇಡ ಎನಿಸುವುದೂ ಅದರಿಂದಲೇ. ಮೈಶಾಖ ಏರುತ್ತದೆ, ಬಾಯಾರುತ್ತದೆ, ಬರೀ ನೀರು ಅತಿಯಾಗಿ ಕುಡಿದು ರಕ್ತದ ಸೋಡಿಯಂ ಇಳಿದು ಮಿದುಳು ಊದಿಕೊಂಡು ಸತ್ತವರಿದ್ದಾರೆ. ಮೆಫೆಡ್ರೋನ್‌ನ ಅಮಲು ಒಂದೆರಡು ಗಂಟೆಯಲ್ಲಿ ಇಳಿಯುವುದರಿಂದ ಮತ್ತೆ ಮತ್ತೆ ತೆಗೆದುಕೊಳ್ಳುವ ತುಡಿತ ಹುಟ್ಟುತ್ತದೆ. ರಾತ್ರಿ ಕಳೆಯುವಷ್ಟರಲ್ಲಿ ಹೃದಯಕ್ಕೂ ರಕ್ತನಾಳಕ್ಕೂ ಅದು ಭಾರವಾಗಿರುತ್ತದೆ. ನಾಲಗೆಯ ಮೇಲೆ ಇಟ್ಟುಕೊಳ್ಳುವ 'ಸ್ಟಾಂಪ್' ಎಂದರೆ ಎಲ್‌ಎಸ್‌ಡಿ ಎಂದು ತಿಳಿದಿರುತ್ತಾರೆ. ಅದೇ ಅಳತೆಯ ಕಾಗದದಲ್ಲಿ 25ಐ-ಎನ್‌ಬಿಒಎಂಇ ಎಂಬ ಬೇರೆಯೇ ಪದಾರ್ಥ ಮಾರಾಟವಾಗಿದೆ. ಅದು ರಕ್ತನಾಳಗಳನ್ನು ಹಿಂಡಿ, ಫಿಟ್ಸ್ ತರಿಸಿ ಹಲವು ದೇಶಗಳಲ್ಲಿ ಹದಿಹರೆಯದವರ ಜೀವ ತೆಗೆದಿದೆ.

ಇದೆಲ್ಲ ದೂರದ ಮಾತು ಎನ್ನುವಂತಿಲ್ಲ. 2025ರ ಮಾರ್ಚ್‌ನಲ್ಲಿ ಮಂಗಳೂರು ಪೊಲೀಸರು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಬಳಿ 37.87 ಕಿಲೋ ಎಂಡಿಎಂಎ ಹಿಡಿದರು. ಬೆಲೆ 75 ಕೋಟಿ ರೂಪಾಯಿ ಎಂದು ಹೇಳಿದರು. ಒಂದು ಸಲಕ್ಕೆ ನೂರು ಮಿಲಿಗ್ರಾಂ ಎಂದು ಲೆಕ್ಕ ಹಿಡಿದರೆ ಅದು ಮೂರೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಸಲದ ಸರಕು. ಅದೇ ವರ್ಷ ಜುಲೈನಲ್ಲಿ ಮುಂಬೈನ ಸಾಕಿನಾಕಾ ಪೊಲೀಸರು ಮೈಸೂರಿಗೆ ಬಂದು ಮೆಫೆಡ್ರೋನ್ ತಯಾರಿಕೆಯ ಘಟಕವೊಂದನ್ನು ಪತ್ತೆ ಮಾಡಿದರು. ಇವು ಹೊರದೇಶದಿಂದ ಬಂದು ಹೋಗುವ ಸರಕು ಎಂಬ ನಂಬಿಕೆ ಅವತ್ತಿಗೆ ಮುಗಿಯಿತು. ಬೀರೂರು ಜಂಕ್ಷನ್‌ನಿಂದ ಒಂದು ಹಳಿ ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೆ, ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಹೋಗುತ್ತದೆ. ಕಡೂರಿನಲ್ಲಿ ರೈಲು ಹತ್ತಿದರೆ ಅರ್ಧ ದಿನ ತುಂಬುವ ಮೊದಲೇ ಬೆಂಗಳೂರು. ಅಡಿಕೆ, ತೆಂಗು, ಈರುಳ್ಳಿಯ ದುಡ್ಡಿನಲ್ಲಿ ಓದಲು ಹೋದ ನಮ್ಮ ಮಕ್ಕಳು ಅಲ್ಲಿದ್ದಾರೆ, ಹಬ್ಬಕ್ಕೆ ಇಲ್ಲಿಗೆ ಬರುತ್ತಾರೆ. ಅವರು ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಒಬ್ಬ ಗೆಳೆಯ ಕೊಟ್ಟದ್ದನ್ನು ಬೇಡ ಎನ್ನಲಾರದ ವಯಸ್ಸು ಅದು.

ಹೆಸರನ್ನು ನಂಬಿ ಒಂದು ಸಮಾಜವೇ ಹೇಗೆ ನೆಲಕಚ್ಚುತ್ತದೆ ಎನ್ನುವುದಕ್ಕೆ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ಕಣ್ಣೆದುರಿಗಿದೆ. ಅಲ್ಲಿ 'ಕುಶ್' ಎಂಬ ಹೆಸರಿನಲ್ಲಿ ಸೇದುವ ಸೊಪ್ಪು ಯುವಕರನ್ನು ಎಷ್ಟರ ಮಟ್ಟಿಗೆ ಹಿಡಿಯಿತೆಂದರೆ 2024ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಜೂಲಿಯಸ್ ಮಾಡಾ ಬಯೋ ರಾಷ್ಟ್ರೀಯ ತುರ್ತುಸ್ಥಿತಿ ಸಾರಿದರು. ಆಮೇಲೆ ಪರೀಕ್ಷಿಸಿದ ಮಾದರಿಗಳಲ್ಲಿ ಕೃತಕ ಗಾಂಜಾದ ಅಣುಗಳು, ಅಂದರೆ ಕೃತಕ ಕ್ಯಾನಬಿನಾಯ್ಡ್‌ಗಳು ಮಾತ್ರವಲ್ಲದೆ ನಿಟಜೀನ್ ಎಂಬ, 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಔಷಧ ಕಂಪನಿಯೊಂದು ನೋವಿಗೆಂದು ಹುಡುಕಿ ಅಪಾಯ ಕಂಡು ಕೈಬಿಟ್ಟಿದ್ದ ಅಫೀಮಿನಂಥ ಅಣುಗಳೂ ಸಿಕ್ಕವು. ಗಾಂಜಾ ಉಸಿರು ನಿಲ್ಲಿಸುವುದಿಲ್ಲ ಎಂದು ನಾನು ಆಗ ಹೇಳಿದೆನಲ್ಲ, ನಿಟಜೀನ್ ನಿಲ್ಲಿಸುತ್ತದೆ.

ಕಾನೂನು ಈ ಓಟವನ್ನು ಹಿಡಿಯಲು ಏದುಸಿರು ಬಿಡುತ್ತಿದೆ. ಒಂದು ಅಣುವನ್ನು ಹೆಸರಿಸಿ ನಿಷೇಧಿಸಿದರೆ ಅದರ ಒಂದು ತುದಿಯನ್ನು ಬದಲಿಸಿ ಇನ್ನೊಂದನ್ನು ಮಾರುಕಟ್ಟೆಗೆ ತರುತ್ತಾರೆ. ಮೆಫೆಡ್ರೋನ್ ನಮ್ಮ ಎನ್‌ಡಿಪಿಎಸ್ ಪಟ್ಟಿಗೆ ಸೇರಿದ್ದು 2015ರ ಫೆಬ್ರವರಿಯಲ್ಲಿ. ಚೀನಾ 2021ರ ಜುಲೈನಲ್ಲಿ ಕೃತಕ ಕ್ಯಾನಬಿನಾಯ್ಡ್‌ಗಳನ್ನು ಇಡೀ ವರ್ಗವಾಗಿಯೇ ನಿಷೇಧಿಸಿತು. ವಿಶ್ವಸಂಸ್ಥೆಯ ಮಾದಕ ದ್ರವ್ಯ ಕಚೇರಿಗೆ ಇದುವರೆಗೆ ವರದಿಯಾಗಿರುವ ಹೊಸ ಅಮಲು ಪದಾರ್ಥಗಳ ಸಂಖ್ಯೆ 1,200ಕ್ಕೂ ಹೆಚ್ಚು.

ಕಾನೂನಿನಲ್ಲೂ ಹೆಸರಿನ ಭ್ರಮೆ ಹುಡುಗರನ್ನು ಹಾಳು ಮಾಡುತ್ತದೆ. ಗಾಂಜಾದಲ್ಲಿ ಒಂದು ಕಿಲೋವರೆಗೆ 'ಅಲ್ಪ ಪ್ರಮಾಣ', 20 ಕಿಲೋ ದಾಟಿದರೆ 'ವಾಣಿಜ್ಯ ಪ್ರಮಾಣ'. ಎಂಡಿಎಂಎ ಆದರೆ ಅಲ್ಪ ಪ್ರಮಾಣ ಅರ್ಧ ಗ್ರಾಂ, ವಾಣಿಜ್ಯ ಪ್ರಮಾಣ 10 ಗ್ರಾಂ. ಎಲ್‌ಎಸ್‌ಡಿಯಲ್ಲಿ ವಾಣಿಜ್ಯ ಪ್ರಮಾಣ 0.1 ಗ್ರಾಂ. ಗೆಳೆಯರಿಗೆಲ್ಲ ಸೇರಿಸಿ ತಂದುಕೊಡುತ್ತೇನೆ ಎಂದು ಹನ್ನೆರಡು ಗ್ರಾಂ ಜೇಬಿನಲ್ಲಿಟ್ಟುಕೊಂಡ ವಿದ್ಯಾರ್ಥಿಗೆ ಅಪರಾಧ ಸಾಬೀತಾದರೆ ಕನಿಷ್ಠ ಹತ್ತು ವರ್ಷ ಜೈಲು, ಒಂದು ಲಕ್ಷ ದಂಡ. ಜಾಮೀನು ಸಿಗುವುದೂ ಕಷ್ಟ. ಇದನ್ನು ನಮ್ಮ ಪದವಿಪೂರ್ವ ಕಾಲೇಜುಗಳಲ್ಲಿ ಪ್ರತಿ ವರ್ಷ ತರಗತಿ ಶುರುವಾದ ಮೊದಲ ವಾರ ಯಾರಾದರೂ ಒಬ್ಬರು ಬಿಡಿಸಿ ಹೇಳಬೇಕೆಂದು ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿ. ಭಾಷಣ ಬೇಡ, ಈ ಗ್ರಾಂಗಳ ಲೆಕ್ಕ ಹೇಳಿದರೆ ಸಾಕು.

ಅದೇ ಕಾಯ್ದೆಯಲ್ಲಿ ಒಂದು ಬಾಗಿಲೂ ಇದೆ, ಅದು ಹೆಚ್ಚಿನವರಿಗೆ ತಿಳಿದಿಲ್ಲ. 64ಎ ಕಲಂ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಎದುರಿಸುವ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಆ ಆರೋಪದ ಮೊಕದ್ದಮೆಯಿಂದ ಅವನಿಗೆ ರಕ್ಷಣೆ ಇದೆ. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು, ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು. "ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸಾಗುತ್ತೆ" ಎಂದು ಮನೆಯಲ್ಲೇ ಬಾಗಿಲು ಹಾಕಿಕೊಂಡು ಕೂರುವ ತಾಯಂದಿರಿಗೆ ಈ ಮಾತು ಮುಟ್ಟಬೇಕು.

ಚಿಕಿತ್ಸೆ ಎಂದರೆ ಏನು ಎಂಬುದನ್ನೂ ಹೇಳಿ ಮುಗಿಸುತ್ತೇನೆ. ಕೃತಕ ಗಾಂಜಾವನ್ನು ದಿನವೂ ಸೇದುತ್ತಿದ್ದವನು ಬಿಟ್ಟಾಗ ಒಂದೇ ದಿನದೊಳಗೆ ಬೆವರು, ನಡುಕ, ವಾಂತಿ, ನಿದ್ದೆಗೇಡು ಶುರುವಾಗುತ್ತವೆ. ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಗಿಡದ ಗಾಂಜಾ ಬಿಟ್ಟವರಿಗೆ ಇಷ್ಟು ತೀವ್ರವಾಗುವುದಿಲ್ಲ. ಆದ್ದರಿಂದ ಮನೆಯಲ್ಲಿ ಕೂಡಿಹಾಕಿ ಬಿಡಿಸುವ ಸಾಹಸ ಬೇಡ. ಮೊದಲ ಒಂದೆರಡು ವಾರ ವೈದ್ಯರ ಕಣ್ಣಳತೆಯಲ್ಲಿ ಕಳೆದರೆ ನಿದ್ದೆಯೂ ಊಟವೂ ನಿಧಾನವಾಗಿ ಹಳಿಗೆ ಬರುತ್ತವೆ. ಆಮೇಲಿನದು ತಿಂಗಳುಗಳ ಕೆಲಸ: ಆಪ್ತ ಸಮಾಲೋಚನೆ, ಮತ್ತೆ ಕಾಲೇಜಿಗೋ ತೋಟದ ಕೆಲಸಕ್ಕೋ ಹೊಂದಿಕೊಳ್ಳುವುದು, ಖಿನ್ನತೆ ಇದ್ದರೆ ಅದಕ್ಕೆ ಮಾತ್ರೆ. ನಡುವೆ ಒಮ್ಮೆ ಜಾರಿದರೆ "ಇವನಿಗೆ ಮಾಡಿದ್ದೆಲ್ಲ ವ್ಯರ್ಥ" ಎನ್ನಬೇಡಿ; ಈ ಕಾಯಿಲೆಯಲ್ಲಿ ಜಾರುವುದು ಸಾಮಾನ್ಯ, ಮತ್ತೆ ಅದೇ ವೈದ್ಯರ ಬಳಿಗೆ ಹೋಗಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ. ಅಷ್ಟು ದೂರ ಹೋಗುವ ಮೊದಲು ಟೆಲಿ-ಮನಸ್‌ನ 14416ಕ್ಕೆ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ, ಯಾವ ಹೊತ್ತಿನಲ್ಲೂ ಸಿಗುತ್ತಾರೆ. ವ್ಯಸನಮುಕ್ತಿಗೆಂದೇ ಕೇಂದ್ರ ಸರ್ಕಾರದ 14446 ಇದೆ. ಮನೋಚೈತನ್ಯ ಎಂಬ ರಾಜ್ಯದ ಯೋಜನೆಯಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದ ಕ್ಲಿನಿಕ್ಕಿಗೆ ಬರುತ್ತಾರೆ. ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅವರು ಬರುವ ಮಂಗಳವಾರ ಯಾವುದು ಎಂದು ವಿಚಾರಿಸಿ, ಎಲ್ಲರಂತೆ ಚೀಟಿ ಮಾಡಿಸಿ, ಹುಡುಗನ ಜೊತೆ ಮನೆಯವರೊಬ್ಬರು ಒಳಗೆ ಹೋಗಿ. ತಂದೆಯೇ ಆಗಬೇಕೆಂದಿಲ್ಲ, ಅವನು ಯಾರ ಮುಂದೆ ಬಾಯಿ ಬಿಡುತ್ತಾನೋ ಅವರು, ಚಿಕ್ಕಪ್ಪನೋ ಅಕ್ಕನೋ ಭಾವನೋ, ಹೋದರೆ ಒಳ್ಳೆಯದು. ಡಾಕ್ಟರು ಕೇಳಿದಾಗ ಸೊಪ್ಪು ಎಂದಷ್ಟೇ ಹೇಳದೆ, ಅದು ಎಲೆಯಾಗಿತ್ತೋ ಪುಡಿಯಾಗಿತ್ತೋ, ಪೊಟ್ಟಣದ ಮೇಲೆ ಏನಿತ್ತು, ಎಷ್ಟು ಹೊತ್ತಿಗೆ ಹತ್ತಿತು, ಎಷ್ಟು ಹೊತ್ತಿಗೆ ಇಳಿಯಿತು ಎಂಬುದನ್ನು ಅವನ ಬಾಯಿಂದಲೇ ಹೇಳಿಸಿ.  ಪ್ರಶ್ನೆಗಳಿದ್ದರೆ ಇಲ್ಲಿಯೇ ಕೇಳಿ. ಸಭೆಯಲ್ಲಿ ಕೇಳಲು ಸಂಕೋಚ ಎನಿಸಿದವರು ಕಾರ್ಯಕ್ರಮ ಮುಗಿದ ಮೇಲೆ ಬನ್ನಿ, ಕೊನೆಯ ಬಸ್ಸಿನವರೆಗೂ ಇಲ್ಲೇ ಇರುತ್ತೇನೆ.